ಮೂರನೆಯ ವಾರದ ಪತ್ರಗಳು

ಭಂಕೂರ,
೧೨ ನವೆಂಬರ್ ೧೯೯೫, ರವಿವಾರ

ಮುದ್ದಿನ ಮಗಳು ಲುಂಬಿನಿಗೆ ನಿನ್ನ ಅಪ್ಪನ ಜೈಭೀಮ.

ಹೇಗಿದ್ದೀ ತಾಯಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ನಿನ್ನವ್ವನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಇದ್ದ ಹಾಗೇ ಇದೆ. ತೊಗರಿ ಈ ಸಲ ಚೆನ್ನಾಗಿ ಹೂ ಹಿಡಿದಿದೆ.

ಸಣ್ಣವಳಿದ್ದಾಗ ಅಂಗಳದಲ್ಲಿ ಮಲಗಿ, ನಕ್ಷತ್ರ ತೋರಿಸಿ, "ಆ ಚಿಕ್ಕಿಗೂ ನಮ್ಮ ಭೂಮಿಯಂಥಾವು ಇರ್ತಾವೇನಪ್ಪಾ?" ಅಂತ ಕೇಳುತ್ತಿದ್ದೆ. ಒಂದು ಗ್ರಹ ಸಿಕ್ಕಿದೆ ಮಗಳೇ, ಪೇಪರಿನಲ್ಲಿ ಬಂದಿತ್ತು. ನಮ್ಮ ಸೂರ್ಯನಂಥದೇ ಒಂದು ನಕ್ಷತ್ರವನ್ನು ನಾಲ್ಕೇ ದಿನಕ್ಕೆ ಸುತ್ತುತ್ತದಂತೆ. ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅದು ಎಳೆದಾಗ ನಕ್ಷತ್ರ ತುಸು ಅಲುಗುತ್ತದೆ, ನಾಲ್ಕು ದಿನಕ್ಕೊಮ್ಮೆ ತಪ್ಪದೆ. ಅದರ ಮೇಲೆಯೇ ಗುರುತು ಹಿಡಿದರಂತೆ. ನಿನಗೆ ಕಳಿಸೋಣವೆಂದು ಕತ್ತರಿಸಿ, ನಿನ್ನ ಪತ್ರಗಳ ಡಬ್ಬಿಯಲ್ಲಿಡಲು ಹೋದೆ.

ಅಲ್ಲೇ ಕೈ ನಿಂತಿತು. ನೀನು ಪ್ರತಿ ರವಿವಾರ ಬರೆದ ಪತ್ರಗಳನ್ನು ತಾರೀಖಿನ ಪ್ರಕಾರ ನೆಲದ ಮೇಲೆ ಹರವಿದೆ. ಎಲ್ಲದರಲ್ಲೂ ಅದೇ ಮಾತು, ಆರಾಮಿದ್ದೀನಿ. ಆದರೆ ಎರಡು ವಾರ ದುಂಡಗಿನ ಅಕ್ಷರ, ಮೂರನೆಯ ವಾರ ನಡುಗಿದ ಅಕ್ಷರ. ಮತ್ತೆ ಎರಡು ವಾರ ಸರಿ, ಮತ್ತೆ ನಡುಕ. ಅಳಿಯನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ವಾರಕ್ಕೊಂದರಂತೆ ಮೂರು ಪಾಳಿ. ದಸರೆಗೆ ನೀನು ಬಂದಾಗ ಮೊದಲ ಪಾಳಿಯಿತ್ತಲ್ಲ, ಅಲ್ಲಿಂದ ಎಣಿಸಿದೆ. ನಡುಗಿದ ಪತ್ರಗಳೆಲ್ಲ ಮೊದಲ ಪಾಳಿಯವು, ಅವನು ಮಧ್ಯಾಹ್ನವೇ ಬಂದು ಸಂಜೆಯೆಲ್ಲ ಮನೆಯಲ್ಲಿರುವ ವಾರದವು.

ದಸರೆಯಲ್ಲಿ ನೀನು ಹೋಗುವುದಿಲ್ಲವೆಂದು ಅತ್ತಿದ್ದೆ. ಹೆಣ್ಣುಮಗಳು ಗಂಡನ ಮನೆಯಲ್ಲಿದ್ದರೇ ಚೆಂದ ಎಂದು ನಾನೇ ರೈಲು ಹತ್ತಿಸಿದೆ. ಇಪ್ಪತ್ತು ವರ್ಷ ಶಹಾಬಾದದ ಗಣಿಯಲ್ಲಿ ಫರಸಿ ಕಲ್ಲು ಬಡಿದು, ಬರೀ ದನಿಯ ಮೇಲೆ ಕಲ್ಲಿನ ಒಳಗಿನ ಸೀಳು ಹೇಳಿದವನು ನಾನು. ಮಗಳ ದನಿ ತಿಳಿಯಲಿಲ್ಲ. ಪತ್ರಗಳನ್ನು ತೋರಿಸಿದರೆ ನಿನ್ನವ್ವ, "ನನಗ ಮೊದಲೇ ಗೊತ್ತಿತ್ರಿ, ನೀವೇ ಕಿವಿಗಿ ಹಾಕ್ಕೊಳ್ಳಲಿಲ್ಲ" ಎಂದು ಒಳಗೆ ಹೋಗಿ ಅತ್ತಳು. ನನಗೂ ತಡೆಯಲಾಗಲಿಲ್ಲ. ತಪ್ಪು ನನ್ನದು, ನಿನ್ನದೇನೂ ಇಲ್ಲ.

ಬುದ್ಧನ ಕರುಣೆ ನಿನ್ನ ಮೇಲಿರಲಿ ತಾಯಿ.

ನಿನ್ನ ಅಪ್ಪ,
ಧರ್ಮಣ್ಣ

ತಾ.ಕ.: ಇದನ್ನು ಅಂಚೆಗೆ ಹಾಕಿಲ್ಲ. ಪಕ್ಕದ ಮನೆಯ ಮಾಸುಮಬಿ ಇವತ್ತೇ ನಿಮ್ಮ ಸೇಡಂಗೆ, ತನ್ನ ಮಗಳ ಮನೆಗೆ ಹೊರಟಿದ್ದಾಳೆ, ಅವಳೇ ನಿನ್ನ ಕೈಗೆ ಕೊಡುತ್ತಾಳೆ. ಓದಿ ಒಲೆಗೆ ಹಾಕು. ನಾಳೆಯಿಂದ ಅವನಿಗೆ ಮತ್ತೆ ಮೊದಲ ಪಾಳಿ. ಬೆಳಿಗ್ಗೆ ಅವನು ಹೊರಟ ಮೇಲೆ ಬಾಗಿಲಿಗೆ ಬರುತ್ತೇನೆ, ಬಟ್ಟೆ ಗಂಟು ಕಟ್ಟಿಕೊಂಡಿರು. ನಿನ್ನವ್ವ ಆಗಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.