ಆರ್ಡಿತ್ ದೊಡ್ಡಮ್ಮನ ಬಿಳಿ ಗೋಡೆ

ಏಪ್ರಿಲ್ 6
ಮತ್ತೆ ಅದೇ. ಕ್ಯಾಮೆರಾ ಹೊತ್ತು ಕಣಿವೆ ದಾರಿ ಹತ್ತಿದೆ. ಆರ್ಡಿತ್ ದೊಡ್ಡಮ್ಮ ಮನೆ ತೊಳೆದು ಕೂತಿದ್ದಾಳೆ. ಗೋಡೆ, ಕಿಟಕಿ, ಜಗಲಿ — ಎಲ್ಲ ಫಳಫಳ. ಎದುರಿನ ರಸ್ತೆಯಲ್ಲಿ ದಿನಕ್ಕೆ ನೂರು ಕಲ್ಲಿದ್ದಲು ಲಾರಿ. ಗಣಿ ಕಂಪನಿಗೆ ಇನ್ನೂ ನೂರು ಓಡಿಸಬೇಕಂತೆ. ಇಪ್ಪತ್ಮೂರಕ್ಕೆ ಪರವಾನಗಿ ವಿಚಾರಣೆ. ಮನೆಗಳಿಗೆ ಧೂಳೇ ಬರೋಲ್ಲ ಅಂತ ಅವರ ವಾದ. ಸುಳ್ಳುಗಾರರು. ನಮ್ಮ ಕೈಲಿರೋ ಸಾಕ್ಷಿ ನನ್ನ ಚಿತ್ರ ಒಂದೇ.

"ತೊಳೀಬೇಡ ಅಂದಿದ್ನಲ್ಲ ದೊಡ್ಡಮ್ಮ!"

"ಕ್ಯಾಮೆರಾ ಬರುತ್ತೆ ಅಂದ್ಮೇಲೆ ಗಲೀಜು ಇಟ್ಕೊಂಡು ಕೂರ್ಬೇಕಾ? ತಿನ್ನು, ಬೀನ್ಸ್ ಆರುತ್ತೆ."

ಏಪ್ರಿಲ್ 9
ನಮ್ಮ ವಕೀಲ ಹಾಲ್ಕಂ ಟೇಪು ನೋಡಿದ. "ಲೊರೀನ್, ಇದು ಧೂಳಿನ ಚಿತ್ರವೋ ಮದುವೆ ಮನೆ ಚಿತ್ರವೋ?"

ನಗು ಬರಲಿಲ್ಲ. ಬೈಯೋದು ಯಾರನ್ನ? ನಾನು ಹುಟ್ಟುವ ಮೊದಲು ನಗರದ ಚಿತ್ರತಂಡ ಬಂದು ಅಜ್ಜಿಯ, ಅಂದರೆ ದೊಡ್ಡಮ್ಮನ ತಾಯಿಯ, ಬರಿಗಾಲು, ಹರಕು ಬಾಗಿಲು ಹಿಡಿದು ಇಡೀ ಅಮೆರಿಕಕ್ಕೆ ತೋರಿಸಿತು. ಕೆಂಟಕಿ ರಾಜ್ಯ ಅಂದ್ರೆ ಇಷ್ಟೇ ಅಂತ. ಅಂದಿನಿಂದ ಇಲ್ಲಿ ಕ್ಯಾಮೆರಾ ಕಂಡರೆ ಪೊರಕೆ ಎತ್ತುತ್ತಾರೆ.

ಏಪ್ರಿಲ್ 17
ಹೇಳದೆ ಹೋದೆ. ದೊಡ್ಡಮ್ಮ ಚರ್ಚಿಗೆ ಹೋಗಿದ್ದಳು. ಗೋಡೆ ಮೇಲೆ ಬೆರಳೆಳೆದೆ — ಗೆರೆಯಷ್ಟೇ ಬಿಳಿ, ಉಳಿದದ್ದು ಕಪ್ಪು. ಹತ್ತು ನಿಮಿಷ ಹಿಡಿದೆ. ಕಳ್ಳಿಯ ಹಾಗೆ ಇಳಿದು ಬಂದೆ.

ಏಪ್ರಿಲ್ 20
ನಮ್ಮ ಚಿತ್ರ ಸಂಘದ ಕಟ್ಟಳೆ: ಯಾರ ಚಿತ್ರವೋ ಅವರೇ ಮೊದಲು ನೋಡಬೇಕು. ಬೇಡವೆಂದದ್ದನ್ನು ಕತ್ತರಿಸಬೇಕು. ಚರ್ಚಿನ ಹಾಲ್‌ನಲ್ಲಿ ಹಾಕಿದೆವು. ಪರದೆ ಮೇಲೆ ತಮ್ಮದೇ ಮುಖ, ತಮ್ಮದೇ ಮಾತು... ಒಬ್ಬರನ್ನೊಬ್ಬರು ತಿವಿದು ನಕ್ಕರು. "ಏ ವೆರ್ಲಿನ್, ನಿನ್ನ ಹೊಟ್ಟೆ ಪರದೆ ದಾಟ್ತಿದೆ ಕಣೋ!" ಈ ನಗುವಿಗಾಗಿ ಇಪ್ಪತ್ತು ವರ್ಷ ಈ ಕೆಲಸಕ್ಕೆ ಅಂಟಿಕೊಂಡಿದ್ದೇನೆ. ಯಾವ ತಾರೆಯ ಮುಖವೂ ಇವರಿಗೆ ಇದನ್ನು ಕೊಡಲಾರದು.

ಆಮೇಲೆ ಕಪ್ಪು ಗೋಡೆ ಬಂತು.

ದೊಡ್ಡಮ್ಮ ಎದ್ದು ನಿಂತಳು. "ತೆಗಿ ಅದನ್ನ. ಆ ನಗರದೋರು ಬಾಗಿಲು ತಟ್ಟಿ ಆದ್ರೂ ಬಂದಿದ್ರು. ನೀನು ಕದ್ದೆ."

ಕತ್ತರಿಸಿದೆ.

ಏಪ್ರಿಲ್ 22, ಬೆಳಿಗ್ಗೆ
ನಾಳೆ ವಿಚಾರಣೆ. ಕೈ ಬರಿದು. ಸಾಕಾಗಿದೆ — ಕಂಪನಿಯ ಸುಳ್ಳು, ನಮ್ಮವರ ಮಾನ, ಎರಡೂ.

ದೊಡ್ಡಮ್ಮನ ಫೋನು. "ಎರಡು ದಿನದಿಂದ ಒರೆಸಿಲ್ಲ. ಬಾ."

"ನಿಜವಾಗ್ಲೂ?"

"ಆ ನಗರದೋರು ಅಮ್ಮನ ಬರಿಗಾಲು ತೋರಿಸಿದ್ರು. ಅವತ್ತು ಅವಳು ನಾಲ್ಕು ಸಲ ನೆಲ ಒರೆಸಿದ್ಳು ಕಣೇ, ಅದನ್ನ ಒಬ್ಬನೂ ಹಿಡೀಲಿಲ್ಲ. ನಾನು ತೊಳೆಯೋದನ್ನೂ ಹಿಡೀಬೇಕು. ಬರೀ ಕೊಳೆ ತೋರಿಸಿದ್ರೆ ನೋಡು ನಿನ್ನ!"

ಅದೇ ದಿನ, ಸಂಜೆ 4
ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕ್ಯಾಮೆರಾ ಓಡುತ್ತಿದೆ. ದೊಡ್ಡಮ್ಮ ಚರ್ಚಿಗೆ ಹೋಗೋ ಉಡುಪು ಹಾಕಿಕೊಂಡೇ ಒರೆಸುತ್ತಿದ್ದಾಳೆ. ಆರನೇ ಬಕೆಟ್ಟಿನ ನೀರೂ ಡಾಂಬರು. ನಿಲ್ಲಿಸ್ಲಾ ಅಂದೆ. "ಗೋಡೆ ಮುಗೀಲಿ." ಕೆಮ್ಮು. ಮತ್ತೊಂದು ಲಾರಿ ಹೋಯಿತು. ತೊಳೆದ ಮೂಲೆಯ ಮೇಲೆ ಆಗಲೇ ಧೂಳು. ನೋಡಿದಳು. ಬಕೆಟ್ ಎತ್ತಿಕೊಂಡು ಅಲ್ಲಿಗೇ ವಾಪಸ್ಸು ಬಂದು ಮೊದಲಿಂದ ಒರೆಸುತ್ತಿದ್ದಾಳೆ.