ಕಿಟಕಿ ಪಕ್ಕದ ಗೋಡೆ

ತಾರೀಖು ಹದಿನಾಲ್ಕು, ಬುಧವಾರ ಮಧ್ಯಾಹ್ನ

ಅಕ್ಕಾ,

ನಿನ್ನ ಮೂರು ಪತ್ರ ಬಂದು ಮೇಜಿನ ಮೇಲೆ ಕೂತಿವೆ, ನಾನು ಒಂದಕ್ಕೂ ಉತ್ತರ ಬರೆದಿಲ್ಲ. ಬೈಯಬೇಕೆನಿಸಿದರೆ ಬೈದುಬಿಡು, ಆಮೇಲೆ ಮುಂದೆ ಓದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇವರ ಮೊಣಕಾಲು ನೋವು ಇದ್ದ ಹಾಗೇ ಇದೆ. ಮಗಳ ಪರೀಕ್ಷೆ ಮುಗಿಯಿತು. ಇಪ್ಪತ್ತಕ್ಕೆ ನೀನು ಬರುತ್ತೀಯ ಅಂತ ತಿಳಿದು ಮನೆಗೆ ಬಣ್ಣ ಹೊಡೆಸಲು ಹೊರಟೆ ನೋಡು, ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಪಕ್ಕದ ಮನೆಯಾಕೆ ಒಬ್ಬ ಪೇಂಟಿಂಗ್ ಕಂಟ್ರಾಕ್ಟರನ್ನು ಗೊತ್ತುಮಾಡಿಕೊಟ್ಟಳು. ಮೊದಲ ದಿನ ಬಂದವನು ಗೋಡೆಗಳನ್ನೆಲ್ಲ ಬೆರಳಿನಿಂದ ತಟ್ಟಿ ನೋಡಿ, "ಮೂರೇ ದಿನ ಅಮ್ಮಾ. ನಾಲ್ಕನೇ ದಿನ ನಿಮ್ಮನೆ ನಿಮಗೇ ಗುರುತು ಸಿಗಲ್ಲ" ಅಂದ. ಆ ಎರಡನೇ ಮಾತನ್ನು ಮಾತ್ರ ಉಳಿಸಿಕೊಂಡ. ಮೂರು ದಿನ ಹದಿನೇಳು ದಿನವಾಯಿತು. ಯಾವಾಗ ಕೇಳಿದರೂ "ನಾಳೆ". ಮಗಳು ಅವನಿಗೆ ನಾಳೆಪ್ಪ ಅಂತ ಹೆಸರಿಟ್ಟಿದ್ದಾಳೆ. ಪಾತ್ರೆಗಳು ಮಂಚದ ಮೇಲೆ, ನಾವು ನೆಲದ ಮೇಲೆ. ಅಡುಗೆಮನೆಗೆ ಕೆನೆ ಬಣ್ಣ ಹೇಳಿದ್ದರೆ ಆಸ್ಪತ್ರೆಯ ಹಸಿರು ಬಳಿದ. ಕಿಟಕಿಯನ್ನು ಮುಚ್ಚಿಯೇ ಬಣ್ಣ ಹೊಡೆದ, ಅದು ಚೌಕಟ್ಟಿಗೆ ಅಂಟಿಕೊಂಡು ಈಗ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಇವರು ಚಾಕು ಹಿಡಿದು ಬಿಡಿಸುತ್ತಾ, "ಬಣ್ಣ ಹೊಡೆಸೋಳು ನೀನು, ಬಿಡಿಸೋನು ನಾನು" ಅಂತ ಗೊಣಗಿದರು.

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ ಅಕ್ಕಾ. ಆದರೆ ಆ ಒಂದು ಗೋಡೆ.

ಹಜಾರದ ಕಿಟಕಿಯ ಪಕ್ಕ ಅಮ್ಮ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ ಜಾಗ ನಿನಗೆ ನೆನಪಿದೆಯಲ್ಲ? ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಗೋಡೆಗೆ ತಲೆ ಆನಿಸಿ, ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ಲೆಕ್ಕ ಹಾಕುತ್ತಿದ್ದಳು. ಆರು ವರ್ಷ ಆನಿಸಿ ಆನಿಸಿ ಅಲ್ಲೊಂದು ಎಣ್ಣೆಯ ಗುರುತು ಬಿದ್ದಿತ್ತು. ನೀನು ಬರುವ ಮುಂಚೆ ಅದು ಹೋಗಿರಬೇಕು ಅಂತ ನಾನು ಹಟ ಹಿಡಿದಿದ್ದೆ. ನೋಡಿದರೆ ನೀನು ಅಳುತ್ತೀಯ ಅಂತ ಇವರಿಗೆ ಕಾರಣ ಕೊಟ್ಟೆ.

ನಾಳೆಪ್ಪ ಅದರ ಮೇಲೆ ಬಣ್ಣ ಹೊಡೆದ. ಗೋಡೆ ಹಾಲಿನಂತಾಯಿತು. ಮೂರನೇ ದಿನ ಬೆಳಿಗ್ಗೆ ಕಸ ಗುಡಿಸುತ್ತಾ ನೋಡುತ್ತೇನೆ, ಅದೇ ಗುರುತು, ಅಂಗೈಯಷ್ಟು ಅಗಲ, ಕೂತವರ ತಲೆಯ ಎತ್ತರಕ್ಕೆ ಸರಿಯಾಗಿ. ಪೊರಕೆ ಕೈಯಿಂದ ಬಿತ್ತು. ಇನ್ನೊಮ್ಮೆ ಹೊಡೆಸಿದೆ. ಮತ್ತೆ ಬಂತು. ಕ್ಯಾಲೆಂಡರ್ ತಂದು ತೂಗುಹಾಕಿದೆ. ನಾಲ್ಕು ದಿನಕ್ಕೆ ಅದರ ಕಾಗದಕ್ಕೂ ಎಣ್ಣೆ ಹತ್ತಿ, ಆ ತಿಂಗಳ ನಡುವಿನ ವಾರ ಹಿಂದಿನ ಗೋಡೆ ಕಾಣುವಷ್ಟು ತೆಳುವಾಯಿತು.

ಇವರು, "ಗೋಡೆ ಅಂದ್ರೆ ಗೋಡೆ ಕಣೇ, ಯಾಕಿಷ್ಟು ತಲೆ ಕೆಡಿಸ್ಕೋತೀಯ?" ಅಂದರು. ನಿಜ ಹೇಳಲಾ? ನನಗೆ ಭಯ. ಹಾಡುಹಗಲಲ್ಲೇ ಭಯ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರೆ ಹಜಾರದಲ್ಲಿ ಸ್ಟೂಲು ಎಳೆದ ಸದ್ದು ಕೇಳುತ್ತದೆ. ಒಂದೇ ಸಲ, ಚಿಕ್ಕದಾಗಿ. ಅಮ್ಮ ಹೋದ ಮೇಲೆ ಆ ಸ್ಟೂಲನ್ನು ಅಟ್ಟಕ್ಕೆ ಹಾಕಿ ಎಂಟು ತಿಂಗಳಾಯಿತು. ಈಗ ನಾನು ಒಬ್ಬಳೇ ಹಜಾರ ದಾಟುವುದೇ ಇಲ್ಲ, ಹಿತ್ತಲಿಂದ ಸುತ್ತಿಕೊಂಡು ಮುಂಬಾಗಿಲಿಗೆ ಬರುತ್ತೇನೆ. ಮಗಳು ನಗುತ್ತಾಳೆ.

ನಿನ್ನೆ ನಾಳೆಪ್ಪನನ್ನು ಕರೆಸಿ ಗೋಡೆಯ ಮುಂದೆ ನಿಲ್ಲಿಸಿದೆ. "ಏನಪ್ಪಾ ಇದು? ಇದಕ್ಕೆ ಏನು ಮಾಡಿದ್ದೀಯ ನೀನು?"

"ಎಲ್ಲಾ ಮಾಡಿದೀನಿ ಅಮ್ಮಾ. ತೊಳೆದೆ, ಉಜ್ಜಿದೆ, ಕಲೆ ಮೇಲಕ್ಕೆ ಬರದ ಹಾಗೆ ಸೀಲರ್ ಹೊಡೆದೆ, ಆಮೇಲೆ ಬಣ್ಣ."

"ನಾನು ಮನೆಯಲ್ಲೇ ಇದ್ದೆ. ಯಾವಾಗ ತೊಳೆದೆ?"

ಅವನು ಬ್ರಷ್ಷಿನ ಕೂದಲನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತ. ಬ್ರಷ್ಷನ್ನು ನೆಲಕ್ಕಿಟ್ಟು ಹೇಳಿದ, "ಇಲ್ಲಮ್ಮಾ. ತೊಳೆದಿಲ್ಲ. ಸೀಲರೂ ಹೊಡೆದಿಲ್ಲ. ಎಣ್ಣೆ ಕಲೆ ಅಂದ್ರೆ ಮೊದಲು ಸೋಪಿನ ನೀರಲ್ಲಿ ತೊಳೀಬೇಕು, ಒಣಗಬೇಕು, ಸೀಲರ್ ಹೊಡೆದು ಅದೂ ಒಣಗಬೇಕು. ಬೇರೆ ಕಡೆ ಕೆಲಸ ಒಪ್ಕೊಂಡಿದ್ದೆ. ಮುಚ್ಚಿಕೊಳ್ಳುತ್ತೆ ಅಂದ್ಕೊಂಡೆ. ಇದು ಮುಚ್ಚಿಕೊಳ್ಳೋ ಕಲೆ ಅಲ್ಲ."

ನನಗೆ ಎಲ್ಲಿತ್ತೋ ಸಿಟ್ಟು! "ಸುಳ್ಳು ಹೇಳಿ ಮೇಲೆ ಬಣ್ಣ ಬಳಿದುಬಿಟ್ಟರೆ ಆಯ್ತಾ? ನಂಬಿದವರ ಗತಿ ಏನು?" ಅಂತ ಬೀದಿಗೆ ಕೇಳುವ ಹಾಗೆ ಕೂಗಿದೆ. ಕೂಗಿ ಮುಗಿಸಿದವಳೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪಾಪ, ಅವನೇ ಹೆದರಿ ಒಳಗಿಂದ ನೀರು ತಂದುಕೊಟ್ಟ. "ಇವತ್ತೇ ಸರಿ ಮಾಡ್ತೀನಿ ಅಮ್ಮಾ, ನಾಳೆ ಅನ್ನಲ್ಲ" ಅಂದ. ನಾನು ಬೇಡ ಅಂದೆ. ಅಕ್ಕ ಬಂದು ನೋಡಲಿ, ಆಮೇಲೆ ನೋಡೋಣ ಅಂತ ಕಳಿಸಿದೆ.

ನಿನ್ನ ಮೂರೂ ಪತ್ರದಲ್ಲಿ ಆ ರಬ್ಬರ್ ಚಾಪೆಯ ಮಾತೇ ಇದೆ. ಬಚ್ಚಲಲ್ಲಿ ಕಾಲು ಜಾರದ ಚಾಪೆ ಕಳಿಸುತ್ತೇನೆ ಅಂದವಳು ಮರೆತೆ, ಕಳಿಸಿದ್ದರೆ ಅಮ್ಮ ಬೀಳುತ್ತಿರಲಿಲ್ಲ, ಅದೇ ಯೋಚನೆಯಲ್ಲಿ ನಿದ್ದೆ ಬರುವುದಿಲ್ಲ ಅಂತ ಬರೆದಿದ್ದೀಯ. ಅದಕ್ಕೇ ಅಕ್ಕಾ, ನಿನಗೆ ಉತ್ತರ ಬರೆಯಲು ನನ್ನ ಕೈ ಏಳುತ್ತಿರಲಿಲ್ಲ.

ಭಾವನವರಿಗೆ ನನ್ನ ನಮಸ್ಕಾರ. ನಿನ್ನ ಮೊಮ್ಮಗುವಿಗೆ ಈ ಚಿಕ್ಕಜ್ಜಿಯ ಆಶೀರ್ವಾದ, ಹಲ್ಲು ಬಂದಿದ್ದರೆ ಬರೆ. ನೀನು ಮಾತ್ರ ನನ್ನನ್ನು ಮನಸ್ಸಿನಿಂದ ದೂರ ಮಾಡಬೇಡ.

ನಿನ್ನ ತಂಗಿ

ತಾ.ಕ.: ಅಮ್ಮ ಬಿದ್ದದ್ದು ಬಚ್ಚಲಲ್ಲಲ್ಲ, ಅದು ನಾನು ಹೇಳಿದ ಸುಳ್ಳು. ಆ ದಿನ ನಾನು ಬಟ್ಟೆ ಹಿಡಿದು ಆ ಕಲೆಯನ್ನು ಉಜ್ಜಿ ಉಜ್ಜಿ ಸಾಕಾಗಿ, "ಎಷ್ಟು ಸಲ ಒರೆಸಲಮ್ಮಾ? ಇನ್ಮೇಲೆ ಗೋಡೆ ಬಿಟ್ಟು ಕೂತ್ಕೋ" ಅಂತ ಗದರಿದೆ. ಅವಳು ಸ್ಟೂಲನ್ನು ಎರಡು ಮೊಳ ಮುಂದಕ್ಕೆ ಎಳೆದುಕೊಂಡು ನೆಟ್ಟಗೆ ಕೂತಳು. ನಾನು ತರಕಾರಿ ಹೆಚ್ಚಲು ಒಳಗೆ ಹೋದೆ. ಕೂತಲ್ಲೇ ಜೋಂಪು ಹತ್ತಿರಬೇಕು. ಆರು ವರ್ಷದ ಅಭ್ಯಾಸ, ತಲೆಯನ್ನು ಹಿಂದಕ್ಕೆ ಆನಿಸಿದಳು. ನಿನ್ನ ಚಾಪೆಗೂ ಇದಕ್ಕೂ ಸಂಬಂಧವಿಲ್ಲ ಅಕ್ಕಾ, ನೀನು ನಿದ್ದೆ ಮಾಡು.