ಆರು ಮನೆ ತಲುಪದ ಕೋಲು

ಮಾರ್ಚ್ 4, 2006, ಶನಿವಾರ

ಮತ್ತೆ ಹಿಮ. ನಮ್ಮೆಜಮಾನರು ಶೌಕತ್ ಶೋವ್ಡೆ ಪಟ್ಟಣಕ್ಕೆ ಕೆಲಸಕ್ಕೆ ಹೋದರು, ಓವರ್‌ಟೈಮ್. ಕಸ ಹಾಕಲು ಬಾಗಿಲು ತೆಗೆದರೆ ಚಿಲಕಕ್ಕೆ ಒಂದು ಮರದ ಕೋಲು ನೇತುಹಾಕಿತ್ತು. ಮೊಳದುದ್ದ, ಕೆಂಪು ಬಣ್ಣ, ಮೇಲೆ 1821 ಅಂತ ಕೆತ್ತನೆ. ಹೆಜ್ಜೆ ಗುರುತು ಪಕ್ಕದ ಮನೆ ಗುನ್ವೋರ್ ಅವರದು. ಸ್ವೀಡನ್ನಿನ ಈ ಹಳ್ಳಿಗೆ ಬಂದು ಎರಡು ತಿಂಗಳು, ಕೊನೆಗೂ ಒಂದು ಗಿಫ್ಟ್! ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಇಟ್ಟೆ. ಎಷ್ಟು ಚೆನ್ನಾಗಿ ಹೊಂದುತ್ತೆ... ಸಂಜೆ ಗುನ್ವೋರ್‌ಗೆ ಮೈಸೂರುಪಾಕ್ ಕೊಟ್ಟು ಬಂದೆ.

ಮಾರ್ಚ್ 16, ಗುರುವಾರ

ನಿನ್ನೆ ಶಾಲೆಯ ಬಗ್ಗೆ ಹಳ್ಳಿಯ ಸಭೆ ಇತ್ತಂತೆ. ನಮಗೆ ಗೊತ್ತೇ ಇಲ್ಲ. ಸಿಟ್ಟು ಬಂತು. ಮಗಳು ರೂಹಿ ಓದುವ ಶಾಲೆ ತಾನೆ? ಹದಿನೇಳು ಮಕ್ಕಳು ಸಾಕಾಗಲ್ಲ, ಮುಚ್ಚೋಣ ಅಂತ ಕೊಮ್ಮೂನ್, ಅಂದರೆ ಇಲ್ಲಿಯ ಪುರಸಭೆಯ ಯೋಚನೆ. ಮುಚ್ಚಿದರೆ ಎಂಟು ವರ್ಷದ ಕೂಸು ದಿನಾ ಇಪ್ಪತ್ತೆರಡು ಕಿಲೋಮೀಟರ್ ಬಸ್ಸು. ಅರ್ಧ ಊರೇ ಬಂದಿರಲಿಲ್ಲವಂತೆ. ‘ಊರಿಗೆ ಆಸಕ್ತಿ ಕಡಿಮೆ’ ಅಂತ ಅಧಿಕಾರಿ ಬರೆದುಕೊಂಡು ಹೋದರಂತೆ. ಎಂಥ ಜನ!

ಮಾರ್ಚ್ 17, ಶುಕ್ರವಾರ

ಎಂಥ ಜನ ಅಂದೆನಲ್ಲ — ಆ ಜನ ನಾನೇ.

ರೂಹಿ ಶಾಲೆಯಲ್ಲಿ ಬಿಡಿಸಿದ ಚಿತ್ರ ತಂದಳು. ಕೆಂಪು ಕೋಲು. “ಮಮ್ಮಿ, ಇದು ಬುಡ್‌ಕಾವ್ಲೆ. ಮೀಟಿಂಗ್ ಇದ್ರೆ ಮನೆಯಿಂದ ಮನೆಗೆ ಹೋಗತ್ತೆ. ನಮ್ಮ ಷೋಕೇಸಲ್ಲಿ ಯಾಕಿದೆ?”

ಫೋನ್ ಇದ್ದರೂ ಈ ಊರಲ್ಲಿ ಸಭೆಗೆ ಕರೆಯುವುದು ಇದರಲ್ಲೇ. ತುದಿ ತಿರುಗಿಸಿದೆ. ಒಳಗೆ ಸುರುಳಿ ಕಾಗದ. ದಿನ, ಹೊತ್ತು, ಎಲ್ಲ. ಓದಿ ಮುಂದಿನ ಮನೆಗೆ ಕೊಡಬೇಕಿತ್ತು. ನಮ್ಮಿಂದಾಚೆ ಆರು ಮನೆ.

ಶೌಕತ್: “ಸುಮ್ನೆ ವಾಪಸ್ ಇಟ್ಟು ಬಾ ಬಾನು. ಯಾರಿಗೂ ಹೇಳ್ಬೇಡ. ನಾವು ಹೊಸಬ್ರು.”

“ಶಾಲೆ ಮುಚ್ಚಿದ್ಮೇಲೆ ಹಳಬರಾಗ್ತೀವಾ?” ಅಂದೆ.

ಮಾರ್ಚ್ 19, ಭಾನುವಾರ

ಮಾತು ದಾಟಿಸಲು ರೂಹಿಯನ್ನು ಕರೆದುಕೊಂಡು ಆರೂ ಮನೆಗೆ ಹೋದೆ. ಮುಖ ಎತ್ತಲು ನಾಚಿಕೆ. ಕೊನೆಯ ಮನೆ ತಾಗೆ ಅವರದು. ಎಂಬತ್ತೆರಡು ವರ್ಷ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು, ನನಗೆ ನಾಲಿಗೆ ಏಳುವುದಿಲ್ಲ. ಬೈಯಲಿಲ್ಲ. ಕಾಫಿ ಬಗ್ಗಿಸಿದರು. “ಸಭೆ ಆಯ್ತು ಅಂತ ಆಮೇಲೆ ಗೊತ್ತಾಯ್ತು. ಈ ಮುದುಕ ಯಾಕೆ ಅಂತ ಬಿಟ್ಬಿಟ್ರು ಅಂದ್ಕೊಂಡಿದ್ದೆ” ಅಂದರು. ಅವರು ಓದಿದ್ದೂ ಅದೇ ಶಾಲೆಯಲ್ಲಂತೆ. ಅಲ್ಲೇ ಅತ್ತುಬಿಟ್ಟೆ.

ಬರುವಾಗ ಗುನ್ವೋರ್‌ಗೂ ಹೇಳಿದೆ, ಅವರು ಮಾತ್ರ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರ. “ಇದನ್ನ ಕೊಮ್ಮೂನ್ ಸಭೇಲಿ ನೀನೇ ಹೇಳ್ಬೇಕು. ನಾವು ಹೇಳಿದ್ರೆ ನೆಪ ಅಂತಾರೆ. ಮೊದಲು ಜನರ ಪ್ರಶ್ನೆಗೆ ಸಮಯ ಇರತ್ತೆ, ಯಾರು ಬೇಕಾದ್ರೂ ಮಾತಾಡ್ಬಹುದು.”

ನನ್ನ ಸ್ವೀಡಿಷ್‌ನಲ್ಲಾ? ಹಾಲು, ಮೊಟ್ಟೆ ಕೇಳುವಷ್ಟು ಬರುತ್ತೆ ಅಷ್ಟೆ.

ಏಪ್ರಿಲ್ 24, ಸೋಮವಾರ, ಸಂಜೆ 6.10

ಕೊಮ್ಮೂನ್ ಹಾಲ್. ಹೆಸರು ಕೂಗುವವರೆಗೆ ಕೂತು ಬರೆಯುತ್ತಿದ್ದೇನೆ. ಶಾಲೆ ಮುಚ್ಚಬೇಕೋ ಬೇಡವೋ ಅಂತ ಸದಸ್ಯರ ವೋಟಿಂಗ್ ಇವತ್ತೇ. ಒಂದು ತಿಂಗಳಿಂದ ಉರುಹೊಡೆದ ಆರು ವಾಕ್ಯ. ಮೊದಲನೆಯದು: ‘ತಪ್ಪು ನನ್ನದು, ಊರಿನದಲ್ಲ.’ ಶೌಕತ್ ರಜೆ ಹಾಕಿ ಬಂದಿದ್ದಾರೆ, ನನಗಿಂತ ಹೆಚ್ಚು ಬೆವರುತ್ತಿದ್ದಾರೆ. ಆರೂ ಮನೆಯವರು ಬಂದಿದ್ದಾರೆ. ಯಾರೂ ಕರೆದಿರಲಿಲ್ಲ. ತಾಗೆ ಟೈ ಕಟ್ಟಿಕೊಂಡು ಹಿಂದಿನ ಸಾಲಿನಿಂದ ನನ್ನ ಹೆಗಲು ತಟ್ಟಿದರು. “ಜೋರಾಗಿ ಹೇಳು ಮಗಾ, ನಂಗೆ ಕಿವಿ ಮಂದ.”

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ನನ್ನ ಹೆಸರು ಓದುತ್ತಿದ್ದಾರೆ. ಶ, ಹ, ರ್... ‘ಬಾನು’ವಿಗೆ ಬರುವ ಮೊದಲೇ ತಡವರಿಕೆ. ಏಳುತ್ತಿದ್ದೇನೆ. ಜೋರಾಗಿಯೇ ಹೇಳುತ್ತೇನೆ: ತಪ್ಪು ನನ್ನದು—